ಬೆಂಕಿ ಹೊರುವ ಕಬ್ಬಿಣ, ತಂಪು ಕೊಡುವ ನೀರು

ಕಲಾಯಿ ಹಾಕಿದ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬಾರದು ಎಂದು ಹಿಂದೆ ಮನೆಯ ಹಿರಿಯರು ಗದರುತ್ತಿದ್ದರು. ಅಜ್ಜಿಯಂದಿರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಮಕ್ಕಳಿಗೆ ಮಾತ್ರ ಕಲಾಯಿ ಎಂದರೇನೆಂದು ಹೇಳಬೇಕು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಕಿಲುಬು ಹಿಡಿಯದಿರಲೆಂದು ಒಳಮೈಗೆ ಬಳಿಯುವ ತವರದ ತೆಳು ಲೇಪವೇ ಕಲಾಯಿ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೌದೆಯ ಉರಿ ಅದಕ್ಕಿಂತ ಎಷ್ಟೋ ಪಾಲು ಬಿಸಿ. ಹಾಗಿದ್ದರೂ ಅದೇ ಪಾತ್ರೆಯಲ್ಲಿ ಹೊತ್ತುಗಟ್ಟಲೆ ಸಾರು ಕುದಿದರೂ ಕಲಾಯಿಗೆ ಏನೂ ಆಗುವುದಿಲ್ಲ! ಒಳಗಿನ ನೀರು 100 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತ, ಬಂದ ಶಾಖವನ್ನು ಹಬೆಯ ಮೇಲೆ ಹೇರಿ ಹೊರಗೆ ಸಾಗಿಸುತ್ತಿರುತ್ತದೆ. ಪಾತ್ರೆ ಉಳಿಯುವುದು ಲೋಹದ ಗಟ್ಟಿತನದಿಂದಲ್ಲ, ನೀರಿನ ದುಡಿಮೆಯಿಂದ.

ನಾನು ಕಾರ್ಖಾನೆಗಳ ಬಾಯ್ಲರ್‌ಗಳಿಗೆ ಜಾಲರಿ ವಿನ್ಯಾಸ ಮಾಡುವ ಕೆಲಸದಲ್ಲಿದ್ದವನು. ಅಡುಗೆಮನೆಯ ಈ ಒಂದು ನಿಯಮವನ್ನು ಕುಲುಮೆಯ ಒಳಕ್ಕೆ ಒಯ್ಯುವುದೇ ನನ್ನ ವೃತ್ತಿಯ ಬಹುಪಾಲು ಆಗಿತ್ತು. ಆ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ಜಾಲರಿಗೆ ಮೂರು ಕೆಲಸ

ಇದ್ದಿಲಿನ ಒಲೆ ಅಥವಾ ಬಚ್ಚಲುಮನೆಯ ತಾಮ್ರದ ಬಾಯ್ಲರ್ ನೋಡಿದ್ದೀರಾ? ಕೆಂಡದ ಕೆಳಗೆ ಕಬ್ಬಿಣದ ಸರಳುಗಳ ಒಂದು ಜಾಲರಿ ಇರುತ್ತದೆ. ಅದು ಕೆಂಡವನ್ನು ಹೊರಬೇಕು, ಕೆಳಗಿನಿಂದ ಗಾಳಿಯನ್ನು ಬಿಡಬೇಕು, ಬೂದಿಯನ್ನು ಕೆಳಗೆ ಉದುರಿಸಬೇಕು. ಕಾರ್ಖಾನೆಯ ಕಲ್ಲಿದ್ದಲ ಕುಲುಮೆಯಲ್ಲಿಯೂ ಜಾಲರಿಗೆ ಇದೇ ಮೂರು ಕೆಲಸ. ಆದರೆ ಅಲ್ಲಿ ಒಲೆ ಒಂದು ಕೋಣೆಯಷ್ಟು ದೊಡ್ಡದು, ಕೆಂಡದ ಬಿಸಿ 1,200 ಡಿಗ್ರಿಯನ್ನು ಮೀರುತ್ತದೆ.

ಮೂರರಲ್ಲಿ ಕಷ್ಟದ್ದು ಬೂದಿಯ ಕೆಲಸ. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ನಮ್ಮ ಕಡೆಯ ಕಾರ್ಖಾನೆಗಳಿಗೆ ಬರುತ್ತಿದ್ದುದು ಹೆಚ್ಚಾಗಿ ಗೋದಾವರಿ ಕಣಿವೆಯ ಸಿಂಗರೇಣಿ ಕಲ್ಲಿದ್ದಲು. ಭಾರತದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. 100 ಕಿಲೋ ಉರಿಸಿದರೆ 30ರಿಂದ 40 ಕಿಲೋ ಬೂದಿಯೇ ಉಳಿಯುವುದುಂಟು. ಬಿಸಿ ಹೆಚ್ಚಾದಾಗ ಈ ಬೂದಿ ಅರೆಬರೆ ಕರಗಿ, ಒಂದಕ್ಕೊಂದು ಅಂಟಿ, ಗಾಜಿನಂಥ ಗಟ್ಟಿ ಹೆಂಟೆಗಳಾಗುತ್ತದೆ. ಕೆಲಸಗಾರರು ಅದನ್ನು ಕ್ಲಿಂಕರ್ ಎನ್ನುತ್ತಾರೆ, ಹಳಬರು ಕಿಟ್ಟ ಎನ್ನುತ್ತಿದ್ದರು. ಕಿಟ್ಟ ಕಟ್ಟಿದಲ್ಲಿ ಗಾಳಿ ಬರುವುದಿಲ್ಲ. ಗಾಳಿ ಬಾರದಿದ್ದರೆ ಉರಿ ಸಾಯುತ್ತದೆ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಉತ್ತರ ಕರ್ನಾಟಕದ ಒಂದು ಕಾರ್ಖಾನೆಯಲ್ಲಿ ಹಿರಿಯ ಫೈರ್‌ಮನ್ ಒಬ್ಬರಿದ್ದರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಪಾಳಿಗೆ ಎರಡು ಸಲವಾದರೂ ಅವರು ಕುಲುಮೆಯ ಬಾಗಿಲು ತೆರೆದು, ತಮ್ಮ ಎರಡಾಳು ಉದ್ದದ ಸಲಾಕೆಯಿಂದ ಕಿಟ್ಟವನ್ನು ಒಡೆದು ಎಳೆದು ಹಾಕಬೇಕಿತ್ತು. ಒದ್ದೆ ಗೋಣಿಚೀಲ ಹೆಗಲಿಗೆ ಹಾಕಿಕೊಂಡರೂ ತೋಳಿನ ಕೂದಲು ಸುಟ್ಟುಹೋಗುತ್ತಿತ್ತು. ಬೆಂಕಿಯತ್ತ ತಿರುಗುವ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪಾಗಿತ್ತು.

“ಬೆಂಕಿ ಹಚ್ಚೂದು ಏನೂ ಅಲ್ಲ ತಮ್ಮಾ. ಬೂದಿ ಇಳಸೂದ ತ್ರಾಸ” ಎಂದು ಅವರು ಒಮ್ಮೆ ನನಗೆ ಹೇಳಿದರು.

ತೂಗುವ ಜಾಲರಿ

ಈ ತ್ರಾಸಕ್ಕೆ ಪರಿಹಾರ ಆಗಲೇ ಗೊತ್ತಿತ್ತು. ಜಾಲರಿಯನ್ನು ಅಲುಗದ ಸರಳುಗಳಿಂದ ಮಾಡುವ ಬದಲು ಸಾಲುಸಾಲಾಗಿ ಮಾಡಿ, ಪ್ರತಿ ಸಾಲನ್ನೂ ಒಂದು ಅಡ್ಡ ಅಚ್ಚಿನ ಮೇಲೆ ಕೂರಿಸುವುದು. ಹೊರಗಿರುವ ಹಿಡಿಕೆಯನ್ನು ಹಿಂದೆ ಮುಂದೆ ಮಾಡಿದರೆ ಸಾಲುಗಳು ತೊಟ್ಟಿಲಿನಂತೆ ತೂಗಿ ಬೂದಿಯನ್ನು ಉದುರಿಸುತ್ತವೆ. ಪೂರ್ತಿ ಓರೆ ಮಾಡಿದರೆ ಕಿಟ್ಟವೂ ಮುರಿದು ಬೂದಿಗುಂಡಿಗೆ ಬೀಳುತ್ತದೆ. ಬಾಗಿಲು ತೆರೆಯಬೇಕಿಲ್ಲ. ಬ್ರಿಟಿಷ್ ರೈಲ್ವೆ 1951ರಿಂದ ತಯಾರಿಸಿದ ಹೊಸ ಮಾದರಿಯ ಉಗಿಬಂಡಿ ಎಂಜಿನ್‌ಗಳಲ್ಲಿ ಇಂಥ ತೂಗುಜಾಲರಿಗಳಿದ್ದವು. ಎಂಜಿನ್ ಶೆಡ್ಡಿನಲ್ಲಿ ಬೆಂಕಿಯ ಪೆಟ್ಟಿಗೆ ತೋಡುವ ಕೊಳಕು ಕೆಲಸ ಅದರಿಂದ ಬಹಳ ಹಗುರಾಯಿತು.

ಆದರೆ ತೂಗುಜಾಲರಿಗೆ ಒಂದು ಕಾಯಿಲೆಯುಂಟು. ಅಲುಗದ ಜಾಲರಿಯ ಮೇಲೆ ಬೂದಿಯ ಒಂದು ಹಾಸು ಉಳಿದು, ಕೆಂಡದ ಬಿಸಿ ನೇರವಾಗಿ ತಾಗದಂತೆ ಕಬ್ಬಿಣವನ್ನು ಕಾಯುತ್ತದೆ. ತೂಗಿದಾಗ ಆ ಹಾಸು ಉದುರಿಹೋಗುತ್ತದೆ. ಜೊತೆಗೆ ಓರೆಯಾದ ಸಾಲಿನ ಅಂಚು ಕೆಂಡದೊಳಕ್ಕೆ ಏಳುತ್ತದೆ. ನಡುವೆ ಕಿಟ್ಟದ ತುಂಡು ಸಿಕ್ಕಿಕೊಂಡು ಸಾಲು ಮತ್ತೆ ಮುಚ್ಚದಿದ್ದರೆ ಆ ಅಂಚು ಅಲ್ಲೇ ಉರಿದು ಹಾಳಾಗುತ್ತದೆ.

ಬೀಡು ಕಬ್ಬಿಣ ಕರಗುವುದು ಸುಮಾರು 1,200 ಡಿಗ್ರಿಯಲ್ಲಿ. ಆದರೆ ಅದು ಕರಗುವವರೆಗೆ ಕಾಯುವುದಿಲ್ಲ. ಕೆಂಪಗೆ ಕಾದು, ಆರಿ, ಮತ್ತೆ ಕಾದು ಒಳಗೊಳಗೇ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಕಾದಾಗ ಉದ್ದವೂ ಆಗುತ್ತದೆ. ಒಂದು ಮೀಟರ್ ಉದ್ದದ ಉಕ್ಕಿನ ಸರಳು 500 ಡಿಗ್ರಿ ಹೆಚ್ಚಿಗೆ ಕಾದರೆ ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೆ ಜಾಗವಿಲ್ಲದಿದ್ದರೆ ಬಾಗುತ್ತದೆ. ಬಾಗಿದ ಜಾಲರಿ ತೂಗುವುದಿಲ್ಲ. ತೂಗದಿದ್ದರೆ ಕಾಕಾನ ಕೈಗೆ ಮತ್ತೆ ಸಲಾಕೆ!

ಸರಳಿನೊಳಗೆ ನೀರು

ಕಬ್ಬಿಣವನ್ನು ಇನ್ನೂ ಗಟ್ಟಿ ಮಾಡುವುದೊಂದು ದಾರಿ. ಕ್ರೋಮಿಯಂ ಬೆರೆಸಿದರೆ ಅದು ಬಿಸಿಯನ್ನು ಹೆಚ್ಚು ತಾಳುತ್ತದೆ, ಬೆಲೆಯೂ ಏರುತ್ತದೆ. ಇನ್ನೊಂದು ದಾರಿ ಕಲಾಯಿ ಪಾತ್ರೆಯದು. ಕಬ್ಬಿಣವನ್ನು ಟೊಳ್ಳು ಮಾಡಿ ಒಳಗೆ ನೀರು ಹರಿಸುವುದು.

ಇದು ಹಳೆಯ ಉಪಾಯ. 19ನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲನ್ನು ಉರಿಸುವ ರೈಲು ಎಂಜಿನ್‌ಗಳಿದ್ದವು. ಅದರ ಕೆಂಡದ ಕಾವಿಗೆ ಸಾಮಾನ್ಯ ಸರಳುಗಳು ಬಾಳುತ್ತಿರಲಿಲ್ಲ. ಅದಕ್ಕೆ ಸರಳಿನ ಬದಲು ಕೊಳವೆಗಳನ್ನೇ ಹಾಕಿ, ಅವುಗಳೊಳಗೆ ಬಾಯ್ಲರ್‌ನ ನೀರು ಹರಿಯುವಂತೆ ಮಾಡಿದರು. ಕಬ್ಬಿಣ ಕರಗಿಸುವ ಊದುಕುಲುಮೆಯಲ್ಲಿ ಇನ್ನೂ ಸೋಜಿಗದ ಸಂಗತಿಯಿದೆ. ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ, ತಾಮ್ರ 1,085 ಡಿಗ್ರಿಯಲ್ಲೇ ಕರಗುತ್ತದೆ. ಆದರೂ ಕಬ್ಬಿಣ ಕರಗುವ ಆ ಕುಲುಮೆಗೆ ಗಾಳಿ ಊದುವ ಮೂತಿಗಳನ್ನು ತಾಮ್ರದಿಂದ ಮಾಡುತ್ತಾರೆ. ತಾಮ್ರ ಶಾಖವನ್ನು ಬೇಗ ದಾಟಿಸುತ್ತದೆ, ಒಳಗೆ ಹರಿಯುವ ನೀರು ಅದನ್ನು ಹೊತ್ತೊಯ್ಯುತ್ತದೆ.

ಆ ರೈಲು ಎಂಜಿನ್‌ಗಳ ನೀರಿನ ಕೊಳವೆಗಳು ಅಲುಗುತ್ತಿರಲಿಲ್ಲ. ನನ್ನ ಮುಂದಿದ್ದ ಕೆಲಸ ಬೇರೆ: ಜಾಲರಿ ತೂಗಲೂ ಬೇಕು, ಒಳಗೆ ನೀರೂ ಹರಿಯಬೇಕು. ಅಲುಗುವ ಕೊಳವೆಗೆ ನೀರು ಕೊಡುವ ಕೀಲೇ ಇಲ್ಲಿನ ಮುಖ್ಯ ತೊಡಕು. ಬೆಂಕಿಯ ಬಳಿ ಕೀಲು ಸೋರಿದರೆ ಎಲ್ಲ ಮುಗಿಯಿತು.

ತೊಟ್ಟಿಲೇ ಇದಕ್ಕೂ ದಾರಿ ತೋರಿಸಿತು. ತೊಟ್ಟಿಲು ಸುತ್ತುವುದಿಲ್ಲ, ತೂಗುತ್ತದೆ ಅಷ್ಟೇ. ಹಾಗಾಗಿ ಪ್ರತಿ ಸಾಲಿನ ಅಚ್ಚನ್ನೂ ದಪ್ಪ ಉಕ್ಕಿನ ಕೊಳವೆಯಿಂದ ಮಾಡಿ, ಅದರ ಎರಡೂ ತುದಿಗಳನ್ನು ಕುಲುಮೆಯ ಗೋಡೆಯಿಂದ ಆಚೆಗೆ ತಂದೆವು. ಅಲ್ಲಿ, ತಣ್ಣನೆಯ ಗಾಳಿಯಲ್ಲಿ, ಬಾಗಬಲ್ಲ ಲೋಹದ ಮೆದುಗೊಳವೆ ಜೋಡಿಸಿದೆವು. ಬೆಂಕಿಯ ಒಳಗೆ ಒಂದೂ ಕೀಲು ಉಳಿಯಲಿಲ್ಲ. ಬಾಯ್ಲರ್‌ನ ಒತ್ತಡದ ನೀರನ್ನು ಇಂಥ ಮೆದುಗೊಳವೆಗೆ ಬಿಡುವುದು ಅಪಾಯ. ಅದಕ್ಕೆ ಪಂಪಿನಿಂದ ಬರುವ ಕಡಿಮೆ ಒತ್ತಡದ ನೀರನ್ನೇ ಬಳಸಿದೆವು.

ಕೊಳವೆಯ ಮೇಲೆ ಬೀಡು ಕಬ್ಬಿಣದ ಬಿಡಿ ತುಂಡುಗಳನ್ನು ಬಿಗಿದೆವು. ಕುದುರೆಯ ಕಾಲಿಗೆ ಲಾಳ ಇದ್ದಂತೆ: ಸವೆದರೆ ಲಾಳ ಬದಲಿಸಬಹುದು, ಕಾಲು ಉಳಿಯುತ್ತದೆ. ಆದರೆ ಲಾಳ ಕೊಳವೆಗೆ ಒತ್ತಿ ಕೂರಬೇಕು. ನಡುವೆ ಗಾಳಿಯ ಸಣ್ಣ ಪದರ ಉಳಿದರೂ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ. ಅದಕ್ಕಾಗಿ ಎರಡೂ ಮೈಗಳನ್ನು ಲೇತಿನಲ್ಲಿ ಹಿಡಿದು ನಯ ಮಾಡಿಸಿದೆವು.

ನೀರಿನ ಲೆಕ್ಕ

ನೀರು ಎಷ್ಟು ಬೇಕು? ಏಳನೆಯ ತರಗತಿಯ ಗಣಿತ ಸಾಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಜಾಲರಿಯೊಂದು ಗಂಟೆಗೆ 40,000 ಕಿಲೋಕ್ಯಾಲೊರಿ ಹೀರುತ್ತದೆ ಎಂದಿಟ್ಟುಕೊಳ್ಳಿ. ನೀರು 30 ಡಿಗ್ರಿಯಲ್ಲಿ ಒಳಗೆ ಹೋಗಿ 55 ಡಿಗ್ರಿಯಲ್ಲಿ ಹೊರಗೆ ಬರಬೇಕಾದರೆ ಪ್ರತಿ ಲೀಟರ್ 25 ಕಿಲೋಕ್ಯಾಲೊರಿ ಹೊರುತ್ತದೆ. 40,000ವನ್ನು 25ರಿಂದ ಭಾಗಿಸಿ. ಗಂಟೆಗೆ 1,600 ಲೀಟರ್. ಈ ಬಿಸಿನೀರು ದಂಡವಲ್ಲ, ಬಾಯ್ಲರ್‌ಗೆ ತುಂಬುವ ನೀರಿಗೆ ಸೇರುತ್ತದೆ.

ಇನ್ನೂ ಬಿಸಿಯಾಗಲು ಯಾಕೆ ಬಿಡಬಾರದು? ಬಯಲುಸೀಮೆಯ ಕೊಳವೆಬಾವಿಯ ನೀರು ಗಡಸು. ಹಂಡೆಯ ತಳದಲ್ಲಿ ಬಿಳಿಯ ಸುಣ್ಣದ ಪೊರೆ ಕಟ್ಟುವುದನ್ನು ನೋಡಿರುತ್ತೀರಿ. ನೀರು ಬಿಸಿಯಾದಷ್ಟೂ ಪೊರೆ ಹೆಚ್ಚು. ಅದು ಉಕ್ಕಿಗಿಂತ ಹತ್ತಾರು ಪಟ್ಟು ನಿಧಾನವಾಗಿ ಶಾಖವನ್ನು ದಾಟಿಸುತ್ತದೆ. ಕೊಳವೆಯ ಒಳಗೆ ನೀರಿದ್ದರೂ, ಪೊರೆ ದಪ್ಪವಾದರೆ ಲೋಹಕ್ಕೆ ಅದರ ತಂಪು ಮುಟ್ಟುವುದಿಲ್ಲ.

ಇನ್ನೊಂದು ಶತ್ರು ಹಬೆಯ ಗುಳ್ಳೆ. ಕೊಳವೆಯ ಮೇಲ್ಭಾಗದಲ್ಲಿ ಗುಳ್ಳೆ ನಿಂತರೆ ಅಷ್ಟು ಜಾಗ ಬರಿದಾದ ಪಾತ್ರೆಯಂತೆ. ಆದ್ದರಿಂದ ಕೊಳವೆಯನ್ನು ನೀರು ಹೋಗುವ ದಿಕ್ಕಿಗೆ ತುಸು ಮೇಲಕ್ಕೆ ಓರೆ ಮಾಡಿದೆವು. ಗುಳ್ಳೆ ತಾನಾಗಿ ಹೊರಗೆ ಜಾರುತ್ತದೆ.

ಕಾಕಾ ಕೇಳಿದ ಪ್ರಶ್ನೆ

ನಕ್ಷೆಯನ್ನು ನೆಲದ ಮೇಲೆ ಹಾಸಿ ತೋರಿಸುತ್ತಿದ್ದಾಗ ಕಾಕಾ ಒಂದೇ ಪ್ರಶ್ನೆ ಕೇಳಿದರು. “ಎಲ್ಲಾ ಸಾಲಿನ್ಯಾಗೂ ನೀರು ಹರ್ಯಾಕತ್ತೈತೋ ಇಲ್ಲೋ, ನನಗ ಹೆಂಗ ಗೊತ್ತಾಗಬೇಕು?”

ಒತ್ತಡದ ಮಾಪಕ ಪಂಪಿನ ಸುದ್ದಿ ಹೇಳುತ್ತದೆ, ಒಂದೊಂದು ಸಾಲಿನ ಸುದ್ದಿ ಹೇಳುವುದಿಲ್ಲ. ಹಾಗಾಗಿ ಪ್ರತಿ ಸಾಲಿನಿಂದ ಹೊರಬರುವ ನೀರನ್ನು ಮುಚ್ಚಿದ ಪೈಪಿಗೆ ಸೇರಿಸದೆ, ಕಣ್ಣಿಗೆ ಕಾಣುವಂತೆ ಒಂದೊಂದು ತೆರೆದ ಆಲಿಕೆಗೆ ಬೀಳಿಸಿದೆವು. ಎಂಟು ಸಾಲು, ಎಂಟು ಆಲಿಕೆ, ಎಂಟು ಧಾರೆ. ಜೊತೆಗೆ ಕರೆಂಟು ಹೋದರೆ ತಾನಾಗಿ ಹರಿಯುವಂತೆ ಮೇಲೊಂದು ತೊಟ್ಟಿ. ಗಾಳಿಯ ಫ್ಯಾನು ನಿಂತರೆ ಉರಿ ತಗ್ಗುತ್ತದೆ, ಆದರೆ ಕೆಂಡ ಹೊತ್ತುಗಟ್ಟಲೆ ಕಾದೇ ಇರುತ್ತದೆ. ಅದನ್ನು ಬೂದಿಗುಂಡಿಗೆ ಇಳಿಸುವವರೆಗೂ ತೊಟ್ಟಿಯ ನೀರು ಬಾಳಬೇಕು.

ಮಳೆಗಾಲದ ಒಂದು ರಾತ್ರಿ ಕರೆಂಟು ಹೋಯಿತು. ತೊಟ್ಟಿಯ ನೀರು ಹರಿಯತೊಡಗಿತು. ಕಾಕಾ ಲಾಟೀನು ಹಿಡಿದು ಆಲಿಕೆಗಳ ಮುಂದೆ ನಡೆದರು. ಏಳು ಧಾರೆ ಸರಿಯಾಗಿದ್ದವು. ಮೂರನೆಯ ಸಾಲಿನದು ತೊಟ್ಟಿಕ್ಕಿ ನಿಂತೇಹೋಯಿತು.

ಇಂಥ ಹೊತ್ತಿನಲ್ಲಿ ಯಾರಿಗಾದರೂ ಮೊದಲು ತೋಚುವುದು ವಾಲ್ವನ್ನು ಪೂರ್ತಿ ತಿರುಗಿಸಿ ನೀರು ನುಗ್ಗಿಸುವುದು. ಅದೇ ಕೇಡು. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,600 ಲೀಟರ್ ಜಾಗ ಬೇಕು. ಒಣಗಿ ಕೆಂಪಗೆ ಕಾದ ಕೊಳವೆಗೆ ತಣ್ಣೀರು ಬಿದ್ದರೆ ಹಬೆ ಸಿಡಿಯುತ್ತದೆ, ಕೊಳವೆ ಬಿರಿಯಬಹುದು. ಕಾಕಾಗೆ ಇದು ಗೊತ್ತಿತ್ತು. ಅವರು ಮೂರನೆಯ ಸಾಲಿಗೆ ನೀರು ಬರುವ ವಾಲ್ವನ್ನು ಮುಚ್ಚಿದರು. ಹೊರಹೋಗುವ ಬಾಯಿ ಹೇಗೂ ತೆರೆದೇ ಇತ್ತು. ಹಿಡಿಕೆ ಎಳೆದು ಆ ಸಾಲಿನ ಕೆಂಡವನ್ನೆಲ್ಲ ಗುಂಡಿಗೆ ಸುರಿದರು. ಕರೆಂಟು ಬಂದಾಗ ಯಾರೂ ವಾಲ್ವ್ ತೆರೆಯದಿರಲೆಂದು ತಮ್ಮ ಕೆಂಪು ವಸ್ತ್ರವನ್ನು ಅದಕ್ಕೆ ಕಟ್ಟಿದರು. ಬೆಳಿಗ್ಗೆ ಬಿಚ್ಚಿ ನೋಡಿದರೆ ಸುಣ್ಣದ ಪೊರೆಯ ಒಂದು ಚಕ್ಕೆ ವಾಲ್ವಿನಲ್ಲಿ ಸಿಕ್ಕಿಕೊಂಡಿತ್ತು. ಕೊಳವೆ ನೆಟ್ಟಗಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಅಂದಿನಿಂದ ನೀರನ್ನು ಮೆದು ಮಾಡಿ ಬಳಸುವುದು, ವಾರಕ್ಕೊಮ್ಮೆ ಕೊಳವೆಗಳನ್ನು ರಭಸದ ನೀರಿನಿಂದ ತೊಳೆಯುವುದು ಪದ್ಧತಿಯಾಯಿತು.

ಈಗ ಎಲ್ಲಿದೆ?

ರಾಯಚೂರಿನ ಶಕ್ತಿನಗರದಂಥ ದೊಡ್ಡ ವಿದ್ಯುತ್ ಸ್ಥಾವರಗಳಲ್ಲಿ ಇಂಥ ಜಾಲರಿಯನ್ನು ಹುಡುಕಬೇಡಿ. ಅಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಬೀಸಿ ಗಾಳಿಯ ಜೊತೆ ಊದಿ ಉರಿಸುತ್ತಾರೆ. ಆದರೆ ಕಬ್ಬಿನ ಸಿಪ್ಪೆ ಉರಿಸುವ ಸಕ್ಕರೆ ಕಾರ್ಖಾನೆಗಳಲ್ಲಿ, ನಗರದ ಕಸ ಉರಿಸಿ ವಿದ್ಯುತ್ ಮಾಡುವ ಘಟಕಗಳಲ್ಲಿ ನೀರಿನಿಂದ ತಂಪಾಗುವ ಜಾಲರಿಗಳು ಇಂದಿಗೂ ದುಡಿಯುತ್ತಿವೆ.

ಇದರ ಗುಟ್ಟನ್ನು ಮನೆಯಲ್ಲೇ ನೋಡಬೇಕೆ? ಅಜ್ಜ ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡಿ. ನೋಟ್‌ಬುಕ್ಕಿನ ಹಾಳೆಯಿಂದ ಒಂದು ಸಣ್ಣ ಡಬ್ಬಿ ಮಡಚಿ, ಅರ್ಧ ನೀರು ತುಂಬಿ, ಇಕ್ಕುಳದಿಂದ ಹಿಡಿದು ಮೋಂಬತ್ತಿಯ ಮೇಲೆ ತನ್ನಿ. ಜ್ವಾಲೆ ತಳಕ್ಕೆ ಮಾತ್ರ ತಾಗಲಿ. ನೀರು ಬಿಸಿಯಾಗುತ್ತದೆ, ತಳಕ್ಕೆ ಮಸಿ ಹಿಡಿಯುತ್ತದೆ, ಕಾಗದಕ್ಕೆ ಬೆಂಕಿ ಹತ್ತುವುದಿಲ್ಲ. ನೀರಿರುವ ಯಾವ ಪಾತ್ರೆಯನ್ನೂ ಬಾಯಿ ಬಿಗಿದು ಮಾತ್ರ ಕಾಯಿಸಬೇಡಿ.

ಕಾಕಾ ನಿವೃತ್ತರಾಗುವ ಹೊತ್ತಿಗೆ ಅವರ ಉದ್ದನೆಯ ಸಲಾಕೆ ಮೂಲೆಯಲ್ಲಿ ತುಕ್ಕು ಹಿಡಿದಿತ್ತು. ಅವರ ಜಾಗಕ್ಕೆ ಬಂದ ಹುಡುಗನಿಗೆ ಅವರು ಮೊದಲ ದಿನ ಕಲಿಸಿದ್ದು ಬೆಂಕಿ ಹಚ್ಚುವುದನ್ನಲ್ಲ, ಗಂಟೆಗೊಮ್ಮೆ ಆ ಎಂಟು ಧಾರೆಗಳನ್ನು ಎಣಿಸುವುದನ್ನು.