ಪಾಚಿ ಹೇಳುವ ನೀರಿನ ಸುದ್ದಿ

ಎಳ್ಳ ಅಮಾವಾಸ್ಯೆಯ ಚರಗ ಮುಗಿದು ಹಿಂಗಾರಿ ಜೋಳ ತೆನೆಗಟ್ಟುವ ಹೊತ್ತಿಗೆ ಬಸವನ ಬಾಗೇವಾಡಿ ಕಡೆಯ ಕೆರೆಯೊಂದರ ದಂಡೆಗೆ ಬಂದು ನಿಲ್ಲಿ. ಇರುಳ ಚಳಿಗೆ ತಣ್ಣಗಾದ ನೀರು ತಳದ ಕಲ್ಲು ಕಾಣುವಷ್ಟು ತಿಳಿಯಾಗಿರುತ್ತದೆ. ಎಮ್ಮೆಗಳು ಕೆಸರು ತುಳಿಯುತ್ತ ಇಳಿಯುತ್ತವೆ, ಬಟ್ಟೆ ಒಗೆಯುವ ಸಪ್ಪಳ ಆಚೆ ದಂಡೆಯವರೆಗೂ ಕೇಳುತ್ತದೆ. ಅಂಚಿನ ನಿಂತ ನೀರಲ್ಲಿ ಹಸಿರು ಎಳೆಗಳ ಜೊಂಪೆ. ಬೆರಳಿಗೆ ಸುತ್ತಿಕೊಂಡರೆ ತುಪ್ಪ ಸವರಿದ ನೂಲಿನಂತೆ ಜಾರುತ್ತದೆ, ಹಸಿ ಮಣ್ಣಿನ ವಾಸನೆ ಕೈಗೆ ಹತ್ತುತ್ತದೆ.

ಸಾಮಾನ್ಯವಾಗಿ ಹೀಗೆ ಜಾರುವ ಎಳೆ ಸ್ಪೈರೋಗೈರಾ ಎಂಬ ಪಾಚಿ. ಸೂಕ್ಷ್ಮದರ್ಶಕದಡಿ ಇಟ್ಟರೆ ಉದ್ದನೆಯ ಕೋಶಗಳು ತುದಿಗೆ ತುದಿ ಕೂಡಿರುತ್ತವೆ, ಪ್ರತಿ ಕೋಶದೊಳಗೂ ಹಸಿರು ಪಟ್ಟಿ ಸುರುಳಿ ಸುತ್ತಿರುತ್ತದೆ. ಬಿಸಿಲೇರಿದಂತೆ ಅದು ಬಿಡುವ ಆಮ್ಲಜನಕ ಗುಳ್ಳೆಗಟ್ಟಿ ಎಳೆಗಳ ನಡುವೆ ಸಿಕ್ಕಿಕೊಂಡು, ಮಧ್ಯಾಹ್ನದ ಹೊತ್ತಿಗೆ ತಳದ ಜೊಂಪೆ ಮೇಲೆ ತೇಲುತ್ತದೆ. ನೀರಲ್ಲಿ ಸಾರಜನಕ ತೀರಿದಾಗ ಅಕ್ಕಪಕ್ಕದ ಎಳೆಗಳು ಕೂಡಿ, ದಪ್ಪ ಕವಚದ ಬೀಜಕಗಳಾಗಿ ಕೆಸರಿಗಿಳಿಯುತ್ತವೆ.

ಯುಗಾದಿ ದಾಟಿದರೆ ಇಂಡಿ, ಸಿಂದಗಿಯ ಬಯಲಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ. ಕೆರೆ ದಿನದಿನಕ್ಕೂ ಒಳಸರಿಯುತ್ತ ಬೆಚ್ಚಗಾಗುತ್ತದೆ. ಕಬ್ಬಿನ ಗದ್ದೆ, ನಿಂಬೆ ತೋಟಗಳಿಂದ ಬಸಿದು ಬಂದ ಯೂರಿಯಾ, ಡಿಎಪಿಯ ಸತ್ವ ಉಳಿದಷ್ಟು ನೀರಲ್ಲೇ ಗಟ್ಟಿಯಾಗುತ್ತದೆ. ಆಗ ಕ್ಲೋರೆಲ್ಲಾದಂಥ ಒಂಟಿ ಕೋಶಗಳು, ನಾಲ್ಕೆಂಟು ಕೋಶ ಸಾಲುಗಟ್ಟಿದ ಸೆನೆಡೆಸ್ಮಸ್‌ಗಳು ಹೆಚ್ಚಿ ಇಡೀ ನೀರೇ ಹಸಿರಾಗಬಹುದು. ನೀರಿನ ಬಿಸಿ ಕೋಶದ ಗಾತ್ರವನ್ನೂ ಬದಲಿಸುತ್ತದೆ. ಏಕಕೋಶ ಜೀವಿಗಳ ಬಗೆಗಿನ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ವಿಜ್ಞಾನಿಗಳು 2003ರಲ್ಲಿ ಕಂಡುಕೊಂಡದ್ದಿದು: ಉಷ್ಣತೆ ಒಂದು ಡಿಗ್ರಿ ಏರಿದರೆ ಕೋಶದ ಗಾತ್ರ ಸುಮಾರು ಶೇ 2.5ರಷ್ಟು ಕುಗ್ಗುತ್ತದೆ.

ಮುದ್ದೇಬಿಹಾಳದ ಕಡೆ ಕಾಲುವೆಗೆ ಇಳಿದರೆ ಕಲ್ಲುಗಳ ಮೈಮೇಲೆ ಗಿಡ್ಡ ಹಸಿರು ಪದರ. ಕಲ್ಲಿಗಂಟುವ ಪಾಚಿಗಳಲ್ಲಿ ಸ್ಟೀಜಿಯೋಕ್ಲೋನಿಯಂ ಎಂಬುದೊಂದಿದೆ. ರಂಜಕ ಸಾಲದ ನೀರಲ್ಲಿ ಅದರ ಟಿಸಿಲುಗಳ ತುದಿಗೆ ಬಣ್ಣವಿಲ್ಲದ ಉದ್ದನೆಯ ರೋಮಗಳು ಮೂಡುತ್ತವೆ. ಆ ರೋಮಗಳ ಮೇಲಿನ ಕಿಣ್ವ, ನೀರಲ್ಲಿ ಬೇರೆ ಪದಾರ್ಥಗಳೊಡನೆ ಬೆಸೆದುಕೊಂಡ ರಂಜಕವನ್ನು ಬಿಡಿಸಿ ಆಹಾರ ಮಾಡಿಕೊಡುತ್ತದೆ. ರಂಜಕ ಧಾರಾಳವಾಗಿದ್ದರೆ ಅದೇ ಪಾಚಿ ರೋಮಗಳ ಗೊಡವೆಗೆ ಹೋಗುವುದಿಲ್ಲ.

ಹೀಗೆ ಎಳೆ, ರೋಮ, ಬಣ್ಣ ಒಂದೊಂದೂ ನೀರಿನ ಬಿಸಿ ಮತ್ತು ಸತ್ವಕ್ಕೆ ಪಾಚಿ ಕೊಟ್ಟ ಉತ್ತರ. ದಟ್ಟ ಹಸಿರನ್ನು ಕಂಡರೆ ಎಚ್ಚರವಾಗಬೇಕು. 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆಯಷ್ಟೇ. ಇದ್ದಷ್ಟನ್ನೂ ರಾತ್ರಿಯಿಡೀ ಪಾಚಿ ಉಸಿರಾಡಿ ಮುಗಿಸಿದರೆ ಬೆಳಗಿನ ಜಾವ ಮೀನು ಸಾಯುತ್ತವೆ. ಹಸಿರನ್ನು ಬಾಚಿ ದಂಡೆಗೆ ಹಾಕಿದರೆ ಕೆಲಸ ಅರ್ಧ ಮಾತ್ರ, ಅದು ಕೊಳೆತು ಮತ್ತೆ ಕೆರೆಗೇ ಇಳಿಯುತ್ತದೆ. ಗೊಬ್ಬರವನ್ನು ಬೆಳೆ ಉಣ್ಣುವಷ್ಟೇ ಹಾಕಿ, ಬದುವಿನಲ್ಲಿ ಹುಲ್ಲು ಬೆಳೆಸಿ, ಕೆರೆಯ ಕಾಳಜಿಯನ್ನು ಹೊಲದಿಂದಲೇ ಶುರು ಮಾಡಬೇಕು.