ಬಾಳೆ ಮೀನಿನ ಊಟ



ಇವತ್ತು ತೊಗರಿಯ ಮಾತಲ್ಲ, ಜೋಳದ ಮಾತೂ ಅಲ್ಲ. ಹೊಳೆಯೊಳಗಿನ ಒಂದು ದೊಡ್ಡ ಮೀನು ಏನು ತಿನ್ನುತ್ತದೆ, ಯಾವಾಗ ತಿನ್ನುತ್ತದೆ, ಹೇಗೆ ತಿನ್ನುತ್ತದೆ ಎಂಬ ಮಾತು. ಘಾಟಬೋರಾಳದ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ಸಾಹೇಬ್ರ, ಮೀನಿನ ಊಟ ಕಟ್ಕೊಂಡು ನಮಗೇನಾಗಬೇಕ್ರೀ?" ಎಂದು ನಗುತ್ತ ಕೇಳಿದರು. ಕೇಳತಕ್ಕ ಮಾತೇ. ನಾನು ಅವರಿಗೆ ಹೇಳಿದ್ದನ್ನೇ ತಮಗೂ ಹೇಳುತ್ತೇನೆ.

ಒಂದು ಊರಿನಲ್ಲಿ ಹೆಣ್ಣುಮಕ್ಕಳ ಸಂಘದವರು ದುಡ್ಡು ಕೂಡಿಸಿ ಸಣ್ಣ ಕೆರೆಯೊಂದನ್ನು ಮೀನು ಸಾಕಲು ಹಿಡಿದರು. ಊರಿನ ಹೆಸರು ಬೇಡ. ಮಳೆ ಬಂತು, ನೀರು ನಿಂತಿತು, ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ತಂದು ಬಿಟ್ಟರು. ಮರಿಗಳು ಒಂದು ಅಂಗುಲ ಇದ್ದವೋ ಇಲ್ಲವೋ. ಬಿಡುವಾಗ ನಾನೂ ದಡದಲ್ಲಿ ನಿಂತಿದ್ದೆ. ಕೆರೆಯ ನಡುವಿನ ಗುಂಡಿಯಲ್ಲಿ ಬೇಸಿಗೆಯ ನೀರು ಬತ್ತದೆ ಉಳಿದಿತ್ತು. ಅದರೊಳಗೆ ಏನಿದೆ ಎಂದು ಒಮ್ಮೆ ಬಲೆ ಎಳೆಸಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಸಂಕ್ರಾಂತಿ ಕಳೆದು ಬಲೆ ಹಾಕಿದರೆ ಸಾಕಿದ ಮೀನು ಬೆರಳಲ್ಲಿ ಎಣಿಸುವಷ್ಟು. ಜೊತೆಗೆ ಬಂದದ್ದು ತೋಳಿನಷ್ಟು ಉದ್ದದ ಮೂರು ಬಾಳೆ ಮೀನು, ಹೊಟ್ಟೆ ಉಬ್ಬಿಸಿಕೊಂಡು. "ನಮ್ಮ ರೊಕ್ಕ ಇದರ ಹೊಟ್ಟ್ಯಾಗ ಹೋತು ನೋಡಪ್ಪ" ಎಂದು ಒಬ್ಬ ತಾಯಿ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ತಪ್ಪು ಅವರದಲ್ಲ, ನನ್ನದು.

ಈ ಬಾಳೆ ಮೀನಿಗೆ ತೆಲುಗಿನವರು ವಾಲುಗ ಎನ್ನುತ್ತಾರೆ, ಹಿಂದಿಯಲ್ಲಿ ಪಢಿನ್ ಎನ್ನುವುದುಂಟು. ಮೈಮೇಲೆ ಹುರುಪೆ ಇಲ್ಲ, ಬಣ್ಣ ಬೆಳ್ಳಿಯಂತೆ, ಮೈ ಚಪ್ಪಟೆ. ಹೊಟ್ಟೆಯ ಕೆಳಗಿನಿಂದ ಬಾಲದ ತನಕ ಒಂದೇ ಉದ್ದನೆಯ ಈಜುರೆಕ್ಕೆ. ಬೆನ್ನ ಮೇಲಿನದು ಮಾತ್ರ ಬೆರಳ ತುದಿಯಷ್ಟು, ಅದರಲ್ಲಿ ಮುಳ್ಳಿಲ್ಲ. ಎರಡು ಜೊತೆ ಮೀಸೆ. ಮೇಲಿನ ಜೊತೆ ಬಹಳ ಉದ್ದ. ಬೆನ್ನಿನಲ್ಲಿ ಗಟ್ಟಿ ಮುಳ್ಳಿದ್ದು ನಾಲ್ಕು ಜೊತೆ ಮೀಸೆ ಇದ್ದರೆ ಅದು ಬಾಳೆಯಲ್ಲ, ತೆಲುಗಿನವರ ಜೆಲ್ಲ. ಅದೂ ಸಣ್ಣ ಮೀನು ತಿನ್ನುವ ಜಾತಿಯೇ. ಬಾಳೆ ಆರಡಿಯ ತನಕ ಬೆಳೆಯಬಲ್ಲದು ಎಂದು ಮೀನಿನ ಶಾಸ್ತ್ರ ಬಲ್ಲವರು ಬರೆದಿದ್ದಾರೆ. ನಮ್ಮ ಬಲೆಗೆ ಬರುವವು ಅಷ್ಟಿರುವುದಿಲ್ಲ.

ಬಾಯಿಯನ್ನು ನೋಡ್ರಿ. ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ. ಒಳಗೆ ಸೂಜಿಯಂಥ ಸಣ್ಣ ಹಲ್ಲುಗಳ ಪಟ್ಟಿ. ಸಂಸ್ಕೃತದಲ್ಲಿ ಈ ಮೀನಿಗೆ ಪಾಠೀನ ಎಂದು ಹೆಸರು. ಅಮರಕೋಶವು ಅದನ್ನೇ ಸಹಸ್ರದಂಷ್ಟ್ರ, ಎಂದರೆ ಸಾವಿರ ಹಲ್ಲಿನದು, ಎಂದೂ ಕರೆಯುತ್ತದೆ. ಆದರೆ ಈ ಹಲ್ಲು ಅಗಿಯುವುದಕ್ಕಲ್ಲ, ಹಿಡಿಯುವುದಕ್ಕೆ. ಒಮ್ಮೆ ಹಿಡಿದದ್ದು ಜಾರಿ ಹೊರಗೆ ಬರುವುದು ಕಷ್ಟ. ಹಿಡಿದದ್ದನ್ನು ಇಡಿಯಾಗಿ ನುಂಗುತ್ತದೆ. ಆದ್ದರಿಂದ ಅದರ ಊಟದ ಅಳತೆ ಎಂದರೆ ಅದರ ಬಾಯಿಯ ಅಳತೆಯೇ. ಬಾಯಲ್ಲಿ ಹಿಡಿಯುವಷ್ಟು ಮೀನು ಅದಕ್ಕೆ ಊಟ. ಬಾಯಿಗಿಂತ ಅಗಲವಾಗಿ ಬೆಳೆದ ಮೀನು ಅದಕ್ಕೆ ನೆರೆಮನೆಯವ. ಈ ಮಾತನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಹಗಲೆಲ್ಲ ಅದು ಸೋಮಾರಿ. ಆಳದ ಮಡುವಿನಲ್ಲಿ, ದಡದ ಕೆಳಗಿನ ಪೊಟರೆಯಲ್ಲಿ, ಬೇರಿನ ಸಂದಿಯಲ್ಲಿ ಬಿದ್ದಿರುತ್ತದೆ. ಕತ್ತಲಾದ ಮೇಲೆ ಹೊರಡುತ್ತದೆ. ಕಣ್ಣು ಸಣ್ಣದು, ಅದರ ಮೇಲೆ ಹೆಚ್ಚು ಭರವಸೆಯಿಲ್ಲ. ನಮಗೆ ರುಚಿ ನಾಲಿಗೆಯಲ್ಲಿ, ಮೀಸೆಯ ಮೀನಿಗೆ ಮೀಸೆಯಲ್ಲೂ ರುಚಿ, ಮೈಯ ತೊಗಲಲ್ಲೂ ರುಚಿ. ಪಕ್ಕದಲ್ಲಿ ಇನ್ನೊಂದು ಮೀನು ಬಾಲ ಆಡಿಸಿದರೆ ನೀರಿನ ಆ ಅಲುಗಾಟವೂ ಮೈಗೆ ತಿಳಿಯುತ್ತದೆ. ಹೀಗಾಗಿ ಮಳೆಗಾಲದ ರಾಡಿ ನೀರು ನಮಗೆ ಕುರುಡು, ಅದಕ್ಕೆ ಬೆಳದಿಂಗಳು.

ವಯಸ್ಸಿನ ಮೇಲೆ ಊಟ ಬದಲಾಗುತ್ತದೆ. ತತ್ತಿಯಿಂದ ಬಂದ ಮರಿ ಮೊದಲು ಕಣ್ಣಿಗೆ ಕಾಣದಂಥ ನೀರಹುಳಗಳನ್ನು ತಿನ್ನುತ್ತದೆ. ಕೆಲವೇ ದಿನಗಳಲ್ಲಿ ಒಡಹುಟ್ಟಿದ ಮರಿಗಳನ್ನೇ ನುಂಗತೊಡಗುತ್ತದೆ. ಇದನ್ನು ತೊಟ್ಟಿಯಲ್ಲಿ ಸಾಕಲು ಹೊರಟವರಿಗೆ ಇದೇ ದೊಡ್ಡ ತಲೆನೋವು. ಸ್ವಲ್ಪ ಬೆಳೆದದ್ದು ಹುಳ, ಸಿಗಡಿ, ಸಣ್ಣ ಮೀನು ತಿನ್ನುತ್ತದೆ. ದೊಡ್ಡದಾದ ಮೇಲೆ ಮುಖ್ಯ ಊಟ ಮೀನೇ; ಕಪ್ಪೆ, ಏಡಿ, ಸಿಗಡಿ ಸಿಕ್ಕರೆ ಬಿಡುವುದಿಲ್ಲ. ಒಂದು ಕಿಲೋ ಬಾಳೆ ಮೀನು ಬೆಳೆಯಬೇಕಾದರೆ ಹಲವು ಕಿಲೋ ಬೇರೆ ಮೀನು ಅದರ ಹೊಟ್ಟೆಗೆ ಹೋಗಿರಬೇಕು. ಕೆರೆಯಲ್ಲಿ ದೊಡ್ಡ ಬಾಳೆ ಸಿಕ್ಕಿತೆಂದು ಕುಣಿಯುವವರು ಈ ಲೆಕ್ಕವನ್ನೂ ಹಾಕಬೇಕು.

ಕಾಲದ ಮೇಲೂ ಊಟ ಬದಲಾಗುತ್ತದೆ. ಬೇಸಿಗೆಯಲ್ಲಿ ಮಾಂಜ್ರಾ ಆಗಲಿ ಮುಲ್ಲಾಮಾರಿ ಆಗಲಿ ಅಲ್ಲಲ್ಲಿ ಮಡುಗಳಾಗಿ ಒಡೆಯುತ್ತವೆ. ತಿನ್ನುವುದು, ತಿನ್ನಿಸಿಕೊಳ್ಳುವುದು ಎರಡೂ ಒಂದೇ ಮಡುವಿನಲ್ಲಿ ಸೇರಿದರೆ ಅದಕ್ಕೆ ಮದುವೆಯ ಊಟ. ಮಳೆ ಹಿಡಿದ ಮೇಲೆ ಹೆಣ್ಣಿನ ಹೊಟ್ಟೆಯಲ್ಲಿ ತತ್ತಿ ತುಂಬುತ್ತದೆ, ಊಟ ಕಡಿಮೆಯಾಗುತ್ತದೆ. ಆಗ ಅದು ಹೊಸ ನೀರಿಗೆ ಎದುರಾಗಿ ಏರುತ್ತದೆ. ನಾಲಾ ಹಿಡಿದು ನೀರು ನಿಂತ ಹೊಲದ ಅಂಚಿನ ತನಕ ಬಂದು ತತ್ತಿ ಇಡುತ್ತದೆ. ನಮ್ಮ ಕಡೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆಂಬುದು ತಮಗೆ ಗೊತ್ತು. ಕಾರಂಜಾ ಸೇರಿದ್ದು ಮಾಂಜ್ರಾ ಮೂಲಕ ಗೋದಾವರಿಗೆ, ಮುಲ್ಲಾಮಾರಿ ಸೇರಿದ್ದು ಭೀಮೆಯ ಮೂಲಕ ಕೃಷ್ಣೆಗೆ. ನೀರು ಇಳಿಯುವ ದಾರಿಯೇ ಬಾಳೆ ಏರುವ ದಾರಿ. ಕೋಡಿ ಹರಿದ ಕೆರೆಗೆ ಅದು ಬರುವುದು ಹೀಗೆ. ನಾವು ಹೋಗಿ ತಂದು ಬಿಡಬೇಕಾಗಿಲ್ಲ.

ಇನ್ನೊಂದು ಮಾತು. ಯಾವ ಮೀನು ಏನು ತಿನ್ನುತ್ತದೆ ಎಂದು ನೋಡಿ ಬರೆದಿಡುವ ವಿದ್ಯೆ ನಮ್ಮ ಮಗ್ಗುಲಿನ ಬಸವಕಲ್ಯಾಣಕ್ಕೆ ಹೊಸದಲ್ಲ. ಅಲ್ಲಿ ರಾಜಧಾನಿ ಇದ್ದ ಕಾಲದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಮಾನಸೋಲ್ಲಾಸ ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಸುಮಾರು 35 ಬಗೆಯ ಮೀನುಗಳು, ಅವುಗಳಲ್ಲಿ ಸಮುದ್ರದವು ಯಾವುವು, ಹೊಳೆಯವು ಯಾವುವು, ಹುರುಪೆ ಉಳ್ಳವು ಇಲ್ಲದವು ಯಾವುವು, ಮೀನಿಗೆ ಏನು ಉಣಿಸಬೇಕು, ಗಾಳ ಹೇಗೆ ಹಾಕಬೇಕು ಎಂಬುದೆಲ್ಲ ಅದರಲ್ಲಿ ಬಂದಿದೆ. ಮೀನಿನ ದೊಡ್ಡ ಪಂಡಿತ ಸುಂದರಲಾಲ ಹೋರಾ 1951ರಲ್ಲಿ ಈ ಭಾಗದ ಮೇಲೆ ಲೇಖನ ಬರೆದು ಲೋಕಕ್ಕೆ ತಿಳಿಸಿದರು. ಅರಸನಿಗೆ ಅದು ವಿನೋದ. ನಮಗೆ ಹೊಟ್ಟೆಯ ಮಾತು.

ಹಾಗಾದರೆ ಹೊಳೆಯಲ್ಲಿರುವ ಬಾಳೆಯನ್ನೆಲ್ಲ ಹಿಡಿದು ಮುಗಿಸೋಣವೇ ಅಂತೀರಾ? ಖಂಡಿತ ಬೇಡ. ಹೊಳೆಯಲ್ಲಿ ಅದು ನಿತ್ರಾಣವಾದ ಮೀನನ್ನೂ ಎಣೆಯಿಲ್ಲದೆ ಹೆಚ್ಚುವ ಸಣ್ಣ ಮೀನನ್ನೂ ತಿಂದು ತನ್ನ ಕೆಲಸ ಮಾಡುತ್ತಿರುತ್ತದೆ. ಹೊಳೆಗೆ ಇಳಿದ ಮಕ್ಕಳನ್ನು ಎಳೆಯುತ್ತದೆಂಬ ಹೆದರಿಕೆಯೂ ಬೇಡ. ಗಾಳದಿಂದ ಬಿಡಿಸುವಾಗ ಬೆರಳು ಅದರ ಬಾಯಿಗೆ ಸಿಗದಂತೆ ನೋಡಿಕೊಂಡರೆ ಸಾಕು. ಅಲ್ಲದೆ ಜಗತ್ತಿನಲ್ಲಿ ಕಡಿಮೆಯಾಗುತ್ತಿರುವ ಜೀವಿಗಳ ಪಟ್ಟಿಯಲ್ಲಿ ಈಗ ಈ ಮೀನೂ ಸೇರಿದೆ. ಸಣ್ಣ ಕಣ್ಣಿನ ಬಲೆ, ಏರುವ ದಾರಿಗೆ ಅಡ್ಡವಾದ ಕಟ್ಟೆ, ಮದ್ದು ಸಿಡಿಸಿ ಮೀನು ಹಿಡಿಯುವ ಕೆಟ್ಟ ಚಾಳಿ, ಎಲ್ಲವೂ ಕೂಡಿ ಹೀಗಾಗಿದೆ. ಸಿಡಿಮದ್ದು ಹಾಕುವುದನ್ನೂ ನೀರಿಗೆ ವಿಷ ಹಾಕುವುದನ್ನೂ 1897ರ ಕಾಯ್ದೆಯೇ ತಡೆದಿತ್ತು. ಚಾಳಿ ಇನ್ನೂ ಹೋಗಿಲ್ಲ.

ತಡೆಯಬೇಕಾದದ್ದು ಸಾಕುವ ನೀರಿನಲ್ಲಿ. ಮರಿ ಬಿಡುವ ಮುಂಚೆ ಕೆರೆಯ ಗುಂಡಿಯಲ್ಲಿ ಎಳೆಬಲೆ ಎಳೆಸಿರಿ. ಒಮ್ಮೆ ಸಾಲದು, ಮೂರು ನಾಲ್ಕು ಸಲ. ಬಾಳೆ ಪೊಟರೆಯಲ್ಲಿ ಅಡಗಿ ಬಲೆಯನ್ನು ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ರಾತ್ರಿ ಸಾಲುಗಾಳ ಕಟ್ಟಿ, ಕಪ್ಪೆಯನ್ನೋ ಸಣ್ಣ ಮೀನನ್ನೋ ಚುಚ್ಚಿ ಬಿಡಿರಿ. ನಸುಕಿಗೆ ಎದ್ದು ನೋಡಿರಿ. ಅದರ ಊಟದ ಹೊತ್ತು ಗೊತ್ತಿದ್ದವನಿಗೆ ಇಷ್ಟು ಸಾಕು.

ಸ್ವಂತದ ಕೃಷಿ ಹೊಂಡವಾದರೆ ಪೂರ್ತಿ ಒಣಗಿಸುವುದೇ ಉತ್ತಮ. ಒಣಗದಿದ್ದರೆ ಹಿಪ್ಪೆ ಹಿಂಡಿ ಹಾಕಬಹುದು. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ, ಒಂದು ಮೀಟರು ನೀರಿದ್ದರೆ 25 ಕಿಲೋ. ನೆನೆಸಿ, ನೀರಿನ ತುಂಬ ಚೆಲ್ಲಬೇಕು. ಅದಕ್ಕೆ ಸತ್ತು ತೇಲಿದ ಮೀನನ್ನು ತಿನ್ನಲು ಅಡ್ಡಿಯಿಲ್ಲ. ಮೂರು ವಾರದಲ್ಲಿ ವಿಷ ಇಳಿದು ಹಿಂಡಿ ಗೊಬ್ಬರವಾಗುತ್ತದೆ. ಆಮೇಲೆ ಮರಿ ಬಿಡಬೇಕು. ದನ ಕುಡಿಯುವ ಕೆರೆಗೆ, ಹರಿಯುವ ನಾಲೆಗೆ ಇದನ್ನು ಹಾಕಲೇಬೇಡಿರಿ.

ಇನ್ನು ಬಾಯಿಯ ಅಳತೆಯ ಮಾತು. ಅಂಗುಲದ ಮರಿ ಅಗ್ಗ ಎಂದು ಹತ್ತು ಸಾವಿರ ತಂದು ಕೆರೆಗೆ ಸುರಿಯುವುದಕ್ಕಿಂತ, ಕಡಿಮೆ ತಂದು ಮೊದಲು ಸಣ್ಣ ಹೊಂಡದಲ್ಲಿ, ಹೊಂಡವಿಲ್ಲದಿದ್ದರೆ ಕೆರೆಯ ಮೂಲೆಯಲ್ಲಿ ಬಲೆ ಕಟ್ಟಿದ ಮರೆಯಲ್ಲಿ ಬೆಳೆಸಿರಿ. ಕೈಬೆರಳು ದಾಟಿ ಅರ್ಧ ಗೇಣಾದ ಮೇಲೆ ಬಿಡಿರಿ. ಕಾಟ್ಲಾ ಬೇಗ ಅಗಲವಾಗುವ ಮೀನು, ಹೀಗೆ ಬೆಳೆಸಿದರೆ ಬಹಳಷ್ಟು ಉಳಿಯುತ್ತದೆ. ನೀರು ಬರುವ ಬಾಯಿಗೂ ಕೋಡಿಗೂ ಜಾಲರಿ ಹಾಕಿ, ಕಸ ಕಟ್ಟಿಕೊಳ್ಳದಂತೆ ಮಳೆ ಬಂದಾಗಲೆಲ್ಲ ಒಬ್ಬರು ಹೋಗಿ ನೋಡಬೇಕು. ಮೇಲೆ ಹೇಳಿದ ತಾಯಂದಿರು ಮರುವರ್ಷ ಹೀಗೆಯೇ ಮಾಡಿದರು. ನಷ್ಟ ಪೂರ್ತಿ ತುಂಬಲಿಲ್ಲ, ಆದರೆ ಕೆರೆ ಬಿಡಲಿಲ್ಲ.

ಯಾರಾದರೂ ಬೇಗ ಬೆಳೆಯುತ್ತದೆಂದು ಆಫ್ರಿಕಾದ ಮುರುಗೋಡು ಮರಿ ತಂದು ಕೊಟ್ಟರೆ ತೆಗೆದುಕೊಳ್ಳಬೇಡಿರಿ. ಅದೂ ಸಿಕ್ಕದ್ದನ್ನೆಲ್ಲ ತಿನ್ನುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಇನ್ನೊಂದು ನೀರಿಗೆ ಹೋಗುತ್ತದೆ. 2000ದಲ್ಲಿ ಭಾರತ ಸರ್ಕಾರ ಅದನ್ನು ಸಾಕುವುದನ್ನು ನಿಷೇಧಿಸಿದೆ.

ಹೈದರಾಬಾದಿನ ಕಡೆ ಮಿರಗದ ದಿನ ಮೀನು ತಿನ್ನುವ ರೂಢಿ ಉಂಟು. ತಿನ್ನಿರಿ. ಆದರೆ ಆ ಮಳೆಯಲ್ಲಿ ಹೊಳೆಯಿಂದ ನಾಲೆಗೆ ಏರುವ ಬಾಳೆಯ ಹೊಟ್ಟೆ ಉಬ್ಬಿದ್ದರೆ ಅದು ನಿಮ್ಮ ಮರಿ ತಿಂದು ಉಬ್ಬಿದ್ದಲ್ಲ, ತತ್ತಿಯಿಂದ ಉಬ್ಬಿದ್ದು. ಆ ದಿನಗಳಲ್ಲಿ ನಾಲೆಗೆ ಅಡ್ಡ ಬಲೆ ಕಟ್ಟಬೇಡಿರಿ, ಅದರಷ್ಟಕ್ಕೆ ಅದನ್ನು ಏರಗೊಡಿರಿ. ನಿಮ್ಮ ಜಾಲರಿ ಕೆರೆಯ ಬಾಯಿಗೆ ಇದ್ದರೆ ಸಾಕು.