ಹಿತ್ತಿಲ ಬಳ್ಳಿ: ಅಮೃತವೋ, ವಿಷವೋ?

ಮುಂಗಾರು ಹಿಡಿದ ಕೆಲವೇ ದಿನಗಳಲ್ಲಿ ಕೊಚ್ಚಿ, ತಿರುವನಂತಪುರಗಳ ಹಿತ್ತಿಲುಗಳಲ್ಲಿ ಯಾರೂ ನೆಡದ ಬಳ್ಳಿಗಳು ಬೇಲಿಯನ್ನೇರುತ್ತವೆ. ಹೃದಯಾಕಾರದ ಎಲೆ ಕಂಡೊಡನೆ ಅಲ್ಲಿಯ ಕನ್ನಡಿಗರಿಗೆ ಊರಿನ ಅಮೃತಬಳ್ಳಿ ನೆನಪಾಗುವುದು ಸಹಜ. ಆದರೆ ಎಲೆಯೊಂದನ್ನೇ ನಂಬಿ ಕಷಾಯ ಕಾಸುವುದು ಅಪಾಯಕರ.

ಅಮೃತಬಳ್ಳಿಗೆ ಮಲಯಾಳದಲ್ಲಿ ‘ಚಿಟ್ಟಮೃತು’ ಎಂದು ಹೆಸರು. ಇದರ ಎಲೆಗಳು ಗೆಣ್ಣಿಗೊಂದರಂತೆ ಇರುತ್ತವೆ. ಬಲಿತ ಕಾಂಡದ ತೊಗಟೆ ಕಾಗದದಂತೆ ಸುಲಿಯುತ್ತದೆ. ಅಡ್ಡಲಾಗಿ ಕೊಯ್ದರೆ ಗಾಲಿಯ ಅರಗಳಂಥ ರಚನೆ ಕಾಣುತ್ತದೆ. ದಾರದಂಥ ಬಿಳಲುಗಳು ಇಳಿಬಿದ್ದಿರುತ್ತವೆ. ಹಣ್ಣು ಗುಂಡಗೆ, ಕೆಂಪಗೆ ಇರುತ್ತದೆ.

ಎಲೆಯ ಆಕಾರದಲ್ಲಿ ಇದನ್ನು ಹೋಲುವ ‘ಧೃತರಾಷ್ಟ್ರ ಪಚ್ಚ’ ಉಷ್ಣವಲಯದ ಅಮೆರಿಕದಿಂದ ಬಂದ ಕಳೆ. ಆಸರೆಯಿತ್ತ ಗಿಡವನ್ನೇ ಅಪ್ಪಿ ಕೊಲ್ಲುವುದರಿಂದ ಅದಕ್ಕೆ ಆ ಹೆಸರು. ಅದರ ಎಲೆಗಳು ಗೆಣ್ಣಿಗೆರಡರಂತೆ ಎದುರುಬದುರಾಗಿರುತ್ತವೆ. ಹೂಗಳು ಬಿಳಿಯ ಸಣ್ಣ ಗೊಂಚಲು.

ಹೆಚ್ಚಿನ ಗೊಂದಲಕ್ಕೆ ಕಾರಣವಾದುದು ಅಮೃತಬಳ್ಳಿಯ ದಾಯಾದಿಯಾದ ‘ಟಿನೋಸ್ಪೋರ ಕ್ರಿಸ್ಪ’. ಇದರ ಕಾಂಡದ ತುಂಬ ಎದ್ದುಕಾಣುವ ಗಂಟುಗಳಿರುತ್ತವೆ. ಹಣ್ಣು ಉದ್ದುರುಟಾಗಿ ಕಿತ್ತಳೆ ಬಣ್ಣಕ್ಕಿರುತ್ತದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯೆಂದು ಸೇವಿಸಿದ ಕೆಲವರ ಯಕೃತ್ತು ಕೆಟ್ಟುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿಮಾಡಿದರು. ನಿಜವಾದ ಅಮೃತಬಳ್ಳಿ ಸುರಕ್ಷಿತವೆಂದೂ ಈ ದಾಯಾದಿ ಹಾನಿಕರವಾಗಬಹುದೆಂದೂ ಆಯುಷ್ ಸಚಿವಾಲಯ 2022ರಲ್ಲಿ ಎಚ್ಚರಿಸಿತು. ವೈದ್ಯರಲ್ಲಿ ಭಿನ್ನಾಭಿಪ್ರಾಯವಿರುವುದರಿಂದ, ಯಕೃತ್ತಿನ ದೋಷವುಳ್ಳವರು ಗುರುತು ಸರಿಯಿದ್ದರೂ ವೈದ್ಯರನ್ನು ಕೇಳದೆ ಸೇವಿಸಬಾರದು.

ಮಕ್ಕಳಿರುವ ಮನೆಯಲ್ಲಿ ಇನ್ನೂ ಮೂರು ಬಳ್ಳಿಗಳ ಪರಿಚಯ ಅಗತ್ಯ. ಕೆಂಪು ಬೀಜಕ್ಕೆ ಕಪ್ಪು ಬೊಟ್ಟಿಟ್ಟಂತಿರುವ ಗುಲಗಂಜಿ, ಅಂದರೆ ‘ಕುನ್ನಿಕುರು’, ಗುರುವಾಯೂರಿನಲ್ಲಿ ಮಕ್ಕಳು ಉರುಳಿಯಲ್ಲಿ ಕೈಯಾಡಿಸುವ ಬೀಜ. ಮುಟ್ಟಿದರೆ ದೋಷವಿಲ್ಲ, ಅಗಿದು ನುಂಗಿದರೆ ಅದರ ಅಬ್ರಿನ್ ವಿಷ ಪ್ರಾಣಾಂತಿಕ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುವ, ಜ್ವಾಲೆಯಂಥ ಹೂವಿನ ಅಗ್ನಿಶಿಖೆ, ಅಂದರೆ ‘ಮೇಂತೋನ್ನಿ’, ಸುಂದರವಾದರೂ ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಘೋರ ವಿಷವಿದೆ. ಮೂರೆಲೆಯ ನಸುಗುನ್ನಿ, ಅಂದರೆ ‘ನಾಯ್ಕ್ಕುರಣ’, ಕಾಯಿಯ ಮೇಲಣ ರೋಮಗಳಿಂದ ಸಹಿಸಲಾಗದ ತುರಿಕೆ ತರುತ್ತದೆ.

ಬಳ್ಳಿಗಳ ಗುರುತಿಗೆ ಈ ನಾಡಿನಲ್ಲಿ ಹಿರಿಯ ಪರಂಪರೆಯೇ ಇದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್, ಇಟ್ಟಿ ಅಚ್ಯುತನ್ ಎಂಬ ವೈದ್ಯನ ಮತ್ತು ಮೂವರು ಕೊಂಕಣಿ ಪಂಡಿತರ ನೆರವಿನಿಂದ ರಚಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾಯಿತು. ಡಾ. ಕೆ. ಎಸ್. ಮಣಿಲಾಲ್ ಅವರ ಇಂಗ್ಲಿಷ್ ಅನುವಾದವನ್ನು ತಿರುವನಂತಪುರದ ಕೇರಳ ವಿಶ್ವವಿದ್ಯಾನಿಲಯ 2003ರಲ್ಲಿ ಹೊರತಂದಿತು. ಸಮೀಪದ ಪಾಲೋಡಿನಲ್ಲಿ 1979ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನ ಸಂಶೋಧನ ಸಂಸ್ಥೆಯೂ ಇದೆ.

ಸಂದೇಹವಿದ್ದಾಗ ಎಲೆ, ಕಾಂಡ, ಹೂ, ಕಾಯಿಗಳೆಲ್ಲವೂ ಇರುವ ತುಂಡನ್ನು ಬಲ್ಲವರಿಗೆ ತೋರಿಸಬೇಕು. ಮಗು ಏನನ್ನಾದರೂ ನುಂಗಿದ್ದರೆ ಮನೆಮದ್ದಿಗಾಗಿ ಕಾಯದೆ, ಆ ಬಳ್ಳಿಯ ತುಂಡಿನೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹೆಸರು ತಿಳಿಯದ ಬಳ್ಳಿ ಬೇಲಿಯ ಮೇಲಿರಬಹುದು, ಅಡುಗೆಮನೆಯೊಳಕ್ಕೆ ಬರಕೂಡದು.